ಒಂದೇ ಭೂಕಂಪಕ್ಕೆ ಡಿಗ್ಲಿಪುರ ಮೇಲೆದ್ದು ಸಿಪ್ಪಿಘಾಟ್ ಮುಳುಗಿದ್ದು ಹೇಗೆ? ಅಂಡಮಾನ್ ನೆಲದ ಬಗ್ಗೆ ಒಂದು ಪ್ರಶ್ನೆ

ಸಿಪ್ಪಿಘಾಟ್‌ನವಳು

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಉಳಿದಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ತಂದೆಯವರ ನೌಕರಿಯ ಕಾರಣದಿಂದ ನಾನು ಬೆಳೆದದ್ದು ಪೋರ್ಟ್ ಬ್ಲೇರ್‌ನಲ್ಲಿ. ಈಗ ಅದರ ಹೆಸರು ಶ್ರೀ ವಿಜಯ ಪುರಂ. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಆರೂವರೆಗೆ ನೆಲ ನಡುಗಿದಾಗ ನನಗೆ ಹದಿಮೂರು ವರ್ಷ. ಅಂದಿನ ಅನಾಹುತದ ಬಗ್ಗೆ ಬಹಳ ಜನ ಬರೆದಿದ್ದಾರೆ. ನಾನು ಕೇಳಬೇಕೆಂದಿರುವುದು ಅದರ ನಂತರದ ತಿಂಗಳುಗಳ ಬಗ್ಗೆ.

ಊರ ಹೊರಗಿನ ಸಿಪ್ಪಿಘಾಟ್‌ನಲ್ಲಿ ತಂದೆಯವರ ಸ್ನೇಹಿತರೊಬ್ಬರಿಗೆ ಗದ್ದೆ ಮತ್ತು ತೋಟ ಇದ್ದವು. ಸುನಾಮಿಯ ಅಲೆ ಬಂದು ಹಿಂದಿರುಗಿತು, ಆದರೆ ಗದ್ದೆಗೆ ನುಗ್ಗಿದ ನೀರು ಪೂರ್ತಿಯಾಗಿ ಹಿಂದಿರುಗಲೇ ಇಲ್ಲ. ಪ್ರತಿ ಉಬ್ಬರಕ್ಕೂ ಉಪ್ಪುನೀರು ಬದುಗಳನ್ನು ದಾಟಿ ಒಳಗೆ ಬರುತ್ತಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ತೆಂಗು, ಅಡಿಕೆ ಮರಗಳ ಸುಳಿ ಕಳಚಿ ಬಿದ್ದು, ಕಾಂಡಗಳು ಮಾತ್ರ ಬೋಳು ಕಂಬಗಳಂತೆ ನೀರಿನಲ್ಲಿ ನಿಂತಿದ್ದವು. ಆ ಮನೆಯ ಅಜ್ಜಿ ದಿನವೂ ಸಂಜೆ ಜಗಲಿಯಲ್ಲಿ ಕುಳಿತು, ಯಾವ ಬದು ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸುತ್ತಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅದೇ ವರ್ಷ ಉತ್ತರ ಅಂಡಮಾನಿನ ಡಿಗ್ಲಿಪುರದಿಂದ ನಮ್ಮ ತರಗತಿಗೆ ಬಂದು ಸೇರಿದ ಹುಡುಗಿಯೊಬ್ಬಳು ಇದಕ್ಕೆ ಪೂರ್ತಿ ವಿರುದ್ಧವಾದ ಮಾತು ಹೇಳಿದಳು. ಅವರ ಕಡೆ ಸಮುದ್ರ ಹಿಂದೆ ಸರಿದಿದೆ, ಹವಳದ ದಿಬ್ಬಗಳು ನೀರಿನಿಂದ ಹೊರಗೆ ಬಂದು ಬಿಸಿಲಿಗೆ ಸತ್ತು ನಾರುತ್ತಿವೆ ಎಂದಳು. ನಾವು ಯಾರೂ ಅವಳನ್ನು ನಂಬಲಿಲ್ಲ. ಎರಡು ಊರುಗಳ ನಡುವಿನ ನೇರ ಅಂತರ ಇನ್ನೂರು ಕಿಲೋಮೀಟರೂ ಇಲ್ಲ. ಒಂದೇ ಭೂಕಂಪ ಒಂದು ಕಡೆ ನೆಲವನ್ನು ಎತ್ತಿ ಇನ್ನೊಂದು ಕಡೆ ಇಳಿಸಲು ಸಾಧ್ಯವೇ? ಸಾಧ್ಯವಾದರೆ, ಈ ದ್ವೀಪಗಳು ಒಟ್ಟಿನಲ್ಲಿ ಏಳುತ್ತಿವೆಯೋ ಮುಳುಗುತ್ತಿವೆಯೋ?

ಪಡುವಣಗಾಳಿ

ಜಗತ್ತಿನಾದ್ಯಂತ ಸಮುದ್ರ ಮಟ್ಟ ಏರುತ್ತಿದೆ. ಸಿಪ್ಪಿಘಾಟ್‌ನಲ್ಲಿ ಆದದ್ದೂ ಅದೇ ಎಂದು ನನಗನ್ನಿಸುತ್ತದೆ. ಡಿಗ್ಲಿಪುರದ ಮಾತು ಮಕ್ಕಳ ಕಲ್ಪನೆ ಇರಬಹುದು.

ಉಬ್ಬರವಿಳಿತ

ಪಡುವಣಗಾಳಿಯವರೇ, ದಯವಿಟ್ಟು ಆ ಹುಡುಗಿಯ ಮಾತನ್ನು ಕಲ್ಪನೆ ಎನ್ನಬೇಡಿ. ನಾನು 2005ರಲ್ಲಿ ಜೆಟ್ಟಿಗಳ ದುರಸ್ತಿ ಕೆಲಸಕ್ಕೆಂದು ಆ ದ್ವೀಪಗಳಲ್ಲಿ ಎಂಟು ತಿಂಗಳು ಇದ್ದೆ. ಪೋರ್ಟ್ ಬ್ಲೇರ್ ಸುತ್ತಮುತ್ತ ದೊಡ್ಡ ಉಬ್ಬರದ ದಿನ ನೀರು ಕಟ್ಟೆಯ ಮೇಲ್ಮಟ್ಟವನ್ನೇ ಮುಟ್ಟುತ್ತಿತ್ತು. ಡಿಗ್ಲಿಪುರದ ಏರಿಯಲ್ ಬೇಯಲ್ಲಿ ಇಳಿತದ ಹೊತ್ತಿಗೆ, ಕಂಬಗಳಿಗೆ ಅಂಟಿ ಬೆಳೆಯುವ ಚಿಪ್ಪುಜೀವಿಗಳ ಪಟ್ಟಿ ನೀರಿನ ಮಟ್ಟಕ್ಕಿಂತ ಬಹಳ ಮೇಲೆ ಒಣಗಿ ಬಿಳಿಚಿಕೊಂಡು ನಿಂತಿತ್ತು. ಆ ಜೀವಿಗಳು ಉಬ್ಬರದ ನೀರು ಮುಟ್ಟದ ಜಾಗದಲ್ಲಿ ಬದುಕುವುದಿಲ್ಲ. ಅವು ಬೆಳೆದ ಕಾಲದಲ್ಲಿ ಆ ಜಾಗ ಕೆಳಗಿತ್ತು ಎಂದೇ ಅರ್ಥ.

ಇನ್ನು ಲೆಕ್ಕಕ್ಕೆ ಬರೋಣ. ಜಾಗತಿಕ ಸಮುದ್ರ ಮಟ್ಟ ಈಗ ಏರುತ್ತಿರುವುದು ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರ್. ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ಆ ಒಂದು ಬೆಳಿಗ್ಗೆ ಸುಮಾರು 4.25 ಮೀಟರ್ ಕೆಳಗಿಳಿಯಿತು. ಒಣ ನೆಲದ ಮೇಲಿದ್ದ ದೀಪಸ್ತಂಭದ ಬುಡ ಕಡಲೊಳಗೆ ಸೇರಿತು. ಸಮುದ್ರ ಏರಿಯೇ ಅಷ್ಟಾಗಬೇಕಾದರೆ ಈಗಿನ ವೇಗದಲ್ಲಿ ಸಾವಿರ ವರ್ಷಕ್ಕೂ ಮೀರಿ ಕಾಯಬೇಕು.

ಪಡುವಣಗಾಳಿ

ಒಪ್ಪಿದೆ. ಹಾಗೆ ಬರೆದದ್ದು ತಪ್ಪಾಯಿತು. ಆದರೆ ಒಂದು ಕಡೆ ಏರಿಕೆ, ಇನ್ನೊಂದು ಕಡೆ ಇಳಿಕೆ ಏಕೆ ಎಂಬುದು ಇನ್ನೂ ತಿಳಿಯಲಿಲ್ಲ.

ಕಲ್ಲುಮಣ್ಣು

ಭೂವಿಜ್ಞಾನ ಪಾಠ ಮಾಡುವವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಅಂಡಮಾನ್–ನಿಕೋಬಾರ್ ಸಾಲಿನ ಪಶ್ಚಿಮಕ್ಕೆ ಕಡಲ ತಳದಲ್ಲಿ ಉದ್ದನೆಯ ಕಂದಕವೊಂದಿದೆ. ಭಾರತದ ಭೂಫಲಕ ಅಲ್ಲಿ ಬಾಗಿ, ಪೂರ್ವದ ಕಡೆಗೆ ಓರೆಯಾಗಿ, ದ್ವೀಪಗಳನ್ನು ಹೊತ್ತ ಬರ್ಮಾ ಕಿರುಫಲಕದ ಅಡಿಗೆ ಇಳಿಯುತ್ತದೆ. ಎರಡು ಫಲಕಗಳೂ ನಯವಾಗಿ ಜಾರುವುದಿಲ್ಲ. ಅವು ಒಂದಕ್ಕೊಂದು ಕಚ್ಚಿಕೊಂಡು ನೂರಾರು ವರ್ಷ ಹಾಗೆಯೇ ಇರುತ್ತವೆ. ಕೆಳಗಿನ ಫಲಕ ಮಾತ್ರ ಚಲಿಸುತ್ತಲೇ ಇರುವುದರಿಂದ, ಮೇಲಿನ ಫಲಕದ ಮುಂದಂಚು ಅದರ ಜೊತೆ ಕೆಳಕ್ಕೂ ಹಿಂದಕ್ಕೂ ಎಳೆದುಕೊಂಡು ಹೋಗುತ್ತದೆ.

ಮನೆಯಲ್ಲಿ ಈಚಲು ಚಾಪೆ ಇದ್ದರೆ ಒಮ್ಮೆ ಮಾಡಿ ನೋಡಿ. ಚಾಪೆಯ ದೂರದ ತುದಿಯ ಮೇಲೆ ಭಾರವಿಟ್ಟು, ಹತ್ತಿರದ ಅಂಚನ್ನು ಅಂಗೈಯಿಂದ ನೆಲಕ್ಕೆ ಒತ್ತಿ ಮುಂದಕ್ಕೆ ತಳ್ಳಿದರೆ, ಅಂಚು ತಗ್ಗಿ, ಅದರ ಹಿಂದೆ ಚಾಪೆ ಉಬ್ಬುತ್ತದೆ. ಕೈ ತೆಗೆದ ಕೂಡಲೇ ಅಂಚು ನಿಮ್ಮ ಕಡೆಗೆ ಚಿಮ್ಮಿ ಮೇಲೇಳುತ್ತದೆ, ಉಬ್ಬಿದ ಭಾಗ ಚಪ್ಪಟೆಯಾಗಿ ಕೆಳಗಿಳಿಯುತ್ತದೆ. 2004ರಲ್ಲಿ ಆದದ್ದು ಇಷ್ಟೇ. ಆದರೆ ಆ ಚಾಪೆಯ ಅಂಚಿನ ಉದ್ದ ಸುಮಾತ್ರಾದ ವಾಯವ್ಯದಿಂದ ಉತ್ತರ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್. ಬಿರುಕು ಆ ಉದ್ದವನ್ನು ಕ್ರಮಿಸಲು ಎಂಟರಿಂದ ಹತ್ತು ನಿಮಿಷ ತೆಗೆದುಕೊಂಡಿತು. ಫಲಕಗಳು ಕೆಲವೆಡೆ 15 ಮೀಟರಿಗೂ ಹೆಚ್ಚು ಜಾರಿದವು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಮೇಲೇಳುವ ಅಂಚಿಗೂ ಕೆಳಗಿಳಿಯುವ ಹಿಂಭಾಗಕ್ಕೂ ನಡುವೆ ಏರಿಕೆಯೂ ಇಲ್ಲದ ಇಳಿಕೆಯೂ ಇಲ್ಲದ ಒಂದು ಗೆರೆ ಇರುತ್ತದೆ. ಬಾಗಿಲಿನ ತಿರುಗಣಿಯಿದ್ದಂತೆ ಎನ್ನಿ. ಅಂಡಮಾನಿನಲ್ಲಿ ಈ ಗೆರೆ ದ್ವೀಪಸಮೂಹದ ನಡುವೆಯೇ ಹಾದು ಹೋಯಿತು. ಕಂದಕದ ಕಡೆಗಿದ್ದ ವಾಯವ್ಯ ಭಾಗದ ಕರಾವಳಿ ಒಂದೂವರೆ ಮೀಟರಿನವರೆಗೂ ಎದ್ದಿತು, ಡಿಗ್ಲಿಪುರ ಅರ್ಧ ಮೀಟರಿಗಿಂತ ತುಸು ಹೆಚ್ಚು ಎದ್ದಿತು. ಪೋರ್ಟ್ ಬ್ಲೇರ್ ಗೆರೆಯ ಈಚೆಗಿದ್ದುದರಿಂದ ಸುಮಾರು ಒಂದು ಮೀಟರ್ ಇಳಿಯಿತು. ನಿಕೋಬಾರ್ ಸಾಲು ಪೂರ್ತಿಯಾಗಿ ಇಳಿಯುವ ಪಾಲಿನಲ್ಲೇ ಇತ್ತು, ಅಲ್ಲಿ ಜಾರಿಕೆಯೂ ದೊಡ್ಡದಿತ್ತು. ನಿಮ್ಮ ಸಹಪಾಠಿಯೂ ನೀವೂ ಒಂದೇ ಚಾಪೆಯ ಎರಡು ಭಾಗಗಳ ಮೇಲೆ ನಿಂತಿದ್ದಿರಿ.

ಅಡಿಗೆರೆ

ಚಾಪೆಯ ಹೋಲಿಕೆ ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ಕೊರತೆ ಇದೆ. ಉಬ್ಬಿದ ಚಾಪೆ ಇಳಿದರೆ ಮೊದಲಿನ ಮಟ್ಟಕ್ಕೆ ಬರುತ್ತದೆಯೇ ಹೊರತು ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಸಿಪ್ಪಿಘಾಟ್‌ನ ಗದ್ದೆಗಳು ಮೊದಲು ಒಣ ನೆಲವಾಗಿದ್ದವು, ಆಮೇಲೆ ಕಡಲಾದವು. ಅದಕ್ಕೇನು ಹೇಳುತ್ತೀರಿ?

ಕಲ್ಲುಮಣ್ಣು

ಅಡಿಗೆರೆಯವರೇ, ಒಳ್ಳೆಯ ಪ್ರಶ್ನೆ. "ಮೊದಲಿನ ಮಟ್ಟ" ಎಂದರೆ ಯಾವಾಗಿನದು ಎಂದು ನೋಡಬೇಕು. ಆ ಗದ್ದೆಗಳನ್ನು ಮಾಡಿದಾಗ ಚಾಪೆ ಆಗಲೇ ಉಬ್ಬಿದ ಸ್ಥಿತಿಯಲ್ಲಿತ್ತು. ಹಿಂದಿನ ದೊಡ್ಡ ಕಂಪನದ ನಂತರ ನೂರಾರು ವರ್ಷ ನಿಧಾನವಾಗಿ ಎದ್ದ ನೆಲದ ಮೇಲೆ ಜನ ಬದು ಕಟ್ಟಿ ಭತ್ತ ಬೆಳೆದರು. ನಾವು ಸ್ಥಿರವೆಂದು ತಿಳಿದದ್ದು ಉಬ್ಬಿದ ನೆಲವನ್ನು. ಇದಲ್ಲದೆ, ಮುಂದಂಚು ಪಶ್ಚಿಮಕ್ಕೆ ಚಿಮ್ಮಿದಾಗ ಹಿಂದಿನ ಭಾಗ ರಬ್ಬರಿನಂತೆ ಎಳೆದುಕೊಂಡು ತೆಳುವಾಗುತ್ತದೆ. ಪೋರ್ಟ್ ಬ್ಲೇರ್ ಇಳಿದದ್ದಷ್ಟೇ ಅಲ್ಲ, ನೈಋತ್ಯದ ಕಡೆಗೆ ಸುಮಾರು ಮೂರು ಮೀಟರ್ ಸರಿದೂ ಇತ್ತು. ಚಾಪೆ ತೆಳುವಾಗುವುದಿಲ್ಲ ಎಂಬುದು ನನ್ನ ಹೋಲಿಕೆಯ ಮಿತಿ, ಅದನ್ನು ಒಪ್ಪುತ್ತೇನೆ.

ಶಿಲಾಪುತ್ರಿ

ನಾನು ಹವಳಗಳ ಬಗ್ಗೆ ಸಂಶೋಧನೆ ಮಾಡುತ್ತಿರುವವಳು. ಡಿಗ್ಲಿಪುರದ ಹುಡುಗಿ ಕಂಡ ದೃಶ್ಯಕ್ಕೆ ವಿಜ್ಞಾನದಲ್ಲಿ ಬಹಳ ದೊಡ್ಡ ಬೆಲೆ ಇದೆ ಎಂದು ಹೇಳಲೇಬೇಕು.

ಕೆಲವು ಜಾತಿಯ ಗುಂಡು ಹವಳಗಳು ನೀರಿನೊಳಗೆ ಎಲ್ಲ ದಿಕ್ಕಿಗೂ ಬೆಳೆಯುತ್ತವೆ. ಅವುಗಳ ನೆತ್ತಿ ಅತಿ ದೊಡ್ಡ ಇಳಿತದ ಮಟ್ಟವನ್ನು ಮುಟ್ಟಿದಾಗ ಅಲ್ಲಿಗೆ ಮೇಲ್ಮುಖ ಬೆಳವಣಿಗೆ ನಿಲ್ಲುತ್ತದೆ, ಏಕೆಂದರೆ ಗಾಳಿಗೆ ತೆರೆದ ಭಾಗ ಸಾಯುತ್ತದೆ. ಆಮೇಲೆ ಅದು ಅಕ್ಕಪಕ್ಕಕ್ಕೆ ಮಾತ್ರ ಹರಡುತ್ತಾ, ಮೇಲಿನಿಂದ ನೋಡಿದರೆ ಬೀಸುವ ಕಲ್ಲಿನಂತೆ ಚಪ್ಪಟೆಯಾಗುತ್ತದೆ. ನೆಲ ಎದ್ದರೆ ಅಂಚು ಇನ್ನೂ ತಗ್ಗಿನಲ್ಲಿ ಬೆಳೆದು ಮೆಟ್ಟಿಲಾಗುತ್ತದೆ, ನೆಲ ಇಳಿದರೆ ಅಂಚು ಎತ್ತರಕ್ಕೆ ಬೆಳೆದು ತಟ್ಟೆಯ ಕಂಠದಂತಾಗುತ್ತದೆ. ಹವಳಕ್ಕೆ ಮರದಂತೆಯೇ ವರ್ಷದ ಉಂಗುರಗಳಿರುವುದರಿಂದ, ಯಾವ ವರ್ಷ ನೆಲ ಎಷ್ಟು ಏರಿಳಿಯಿತೆಂದು ಅದನ್ನು ಕೊಯ್ದು ಓದಬಹುದು. ಸುಮಾತ್ರಾದ ಪಶ್ಚಿಮ ದ್ವೀಪಗಳ ಹಳೆಯ ಭೂಕಂಪಗಳ ಚರಿತ್ರೆಯ ದೊಡ್ಡ ಭಾಗವನ್ನು ಹೀಗೆಯೇ ಬರೆಯಲಾಗಿದೆ.

2004ರ ನಂತರ ಉಪಗ್ರಹ ಚಿತ್ರಗಳಲ್ಲಿ ನೀರಿನಿಂದ ಹೊರಬಂದ ಹವಳದ ಬಿಳಿ ಪಟ್ಟಿಯನ್ನು ಹುಡುಕಿಯೇ ಏರಿದ ಮತ್ತು ಇಳಿದ ಭಾಗಗಳ ನಕ್ಷೆಯನ್ನು ಮಾಡಿದರು. ಯಾರೂ ಕಾಲಿಡುವಂತಿಲ್ಲದ ಉತ್ತರ ಸೆಂಟಿನೆಲ್ ದ್ವೀಪ ಎದ್ದಿದೆ ಎಂಬುದೂ ಅದರ ಸುತ್ತ ಹೊರಬಂದ ಹವಳದಿಂದಲೇ ಮೇಲಿನಿಂದ ತಿಳಿಯಿತು.

ಸಿಪ್ಪಿಘಾಟ್‌ನವಳು

ಶಿಲಾಪುತ್ರಿಯವರೇ, ಕಲ್ಲುಮಣ್ಣು ಸರ್, ನಿಮ್ಮಿಬ್ಬರಿಗೂ ಕೃತಜ್ಞತೆಗಳು. ಇಪ್ಪತ್ತು ವರ್ಷಗಳ ಹಿಂದೆ ಆ ಹುಡುಗಿಯನ್ನು ನಂಬದೇ ಹೋದದ್ದಕ್ಕೆ ನಿಜವಾಗಿಯೂ ಬೇಸರವಾಗುತ್ತಿದೆ.

ಘಟ್ಟದಕೆಳಗಿನವ

ನನ್ನದೊಂದು ಅನುಮಾನ. ಅಂಡಮಾನ್ ಎಂದರೆ ಹಿಮಾಲಯದ ಮುಳುಗಿದ ಶಿಖರಗಳು ಎಂದು ಶಾಲೆಯಲ್ಲಿ ಓದಿದ ನೆನಪು. ಅದು ಸರಿಯೇ?

ಕಲ್ಲುಮಣ್ಣು

ಅರ್ಧ ಸರಿ. ಮ್ಯಾನ್ಮಾರಿನ ಪಶ್ಚಿಮದ ಅರಕಾನ್ ಬೆಟ್ಟಸಾಲು, ಅಂಡಮಾನ್, ನಿಕೋಬಾರ್, ಸುಮಾತ್ರಾದ ಪಶ್ಚಿಮದ ದ್ವೀಪಗಳು, ಇವೆಲ್ಲ ಒಂದೇ ಪಟ್ಟಿ. ಆದರೆ ಹಿಮಾಲಯದಲ್ಲಿ ಖಂಡಕ್ಕೆ ಖಂಡ ಢಿಕ್ಕಿ ಹೊಡೆದಿದೆ. ಇಲ್ಲಿ ಕಡಲತಳ ಮಾತ್ರ ಅಡಿಗೆ ಹೋಗುತ್ತಿದೆ. "ಮುಳುಗಿದ ಶಿಖರ" ಎಂಬ ಮಾತು ಹಿಂದೆ ಇವು ಭೂಮಿಯ ಮೇಲಿನ ಪರ್ವತಗಳಾಗಿದ್ದವು ಎಂಬ ಭಾವನೆ ಕೊಡುತ್ತದೆ. ನಿಜವಾಗಿ ಇವು ಕಡಲತಳದಿಂದ ಮೇಲೆ ಬಂದ ನೆಲ.

ಶಿಲಾಪುತ್ರಿ

ಒಂದು ಮಾತು ಸೇರಿಸಬೇಕು ಸರ್. ಹಿಮಾಲಯದ ನಂಟು ಬೇರೊಂದು ದಾರಿಯಿಂದ ಇದೆ. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳು ಹೊತ್ತು ತಂದ ಮಣ್ಣು ಬಂಗಾಳಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದೆ. ಜಗತ್ತಿನಲ್ಲೇ ಅತಿ ದೊಡ್ಡ ಕಡಲಡಿಯ ಮಣ್ಣಿನ ಹಾಸು ಅದು. ಭಾರತದ ಫಲಕ ಈ ಹಾಸನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕಂದಕಕ್ಕೆ ಇಳಿಯುತ್ತದೆ. ಗಟ್ಟಿ ಫಲಕ ಒಳಗೆ ಹೋಗುತ್ತದೆ, ಮೇಲಿನ ಮೆದು ಮಣ್ಣು ಹೆರೆದುಕೊಂಡು ಹೊರಗೆ ರಾಶಿ ಬೀಳುತ್ತದೆ. ಕೊಬ್ಬರಿ ತುರಿಯುವಾಗ ತುರಿ ಮಣೆಯ ಮುಂದೆ ಗುಡ್ಡೆಯಾಗುವಂತೆ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಅಂಡಮಾನಿನ ಬೆಟ್ಟಗಳ ಬಹುಪಾಲು ಇಂತಹ ರಾಶಿಯೇ. ಒಂದರ ಮೇಲೊಂದು ಹತ್ತಿದ ಪದರಗಳು ಪೂರ್ವಕ್ಕೆ ಓರೆಯಾಗಿವೆ, ಬೆಟ್ಟಸಾಲುಗಳು ಉತ್ತರ ದಕ್ಷಿಣವಾಗಿ ಉದ್ದುದ್ದಕ್ಕೆ ಮಲಗಿವೆ. ದ್ವೀಪಗಳ ಆಕಾರವೂ ಅದಕ್ಕೇ ಕಿರಿದು ಮತ್ತು ಉದ್ದ.

ದಕ್ಷಿಣ ಅಂಡಮಾನಿನ ದಂಡೆಯ ಬಂಡೆಗಳಲ್ಲಿ ಮರಳುಗಲ್ಲು, ಜೇಡಿಗಲ್ಲು, ಮತ್ತೆ ಮರಳುಗಲ್ಲು ಎಂದು ಗೇಣುದ್ದದ ಪಟ್ಟಿಗಳು ನೂರಾರು ಇವೆ. ಕಡಲಡಿಯ ಇಳಿಜಾರಿನಲ್ಲಿ ಕೆಸರು ಜಾರಿ ಹರಿದಾಗಲೆಲ್ಲ ಒಂದೊಂದು ಜೊತೆ ಪಟ್ಟಿ. ಒಂದು ಪಟ್ಟಿಯ ಮೇಲೆ ಬೆರಳಾಡಿಸಿದರೆ ಬುಡದಲ್ಲಿ ಮರಳು ದಪ್ಪಗೆ ಒರಟಾಗಿರುತ್ತದೆ, ಮೇಲಕ್ಕೆ ಹೋದಂತೆ ನುಣುಪಾಗುತ್ತದೆ. ಭಾರವಾದದ್ದು ಮೊದಲು ತಳಕ್ಕೆ ಕೂತದ್ದರ ಗುರುತು ಅದು.

ಅಡಿಗೆರೆ

ಆ ಮರಳು ಹಿಮಾಲಯದ್ದೇ ಎಂದು ಎಲ್ಲರೂ ಒಪ್ಪಿಲ್ಲ. ಐರಾವತಿ ನದಿಯ ಕಡೆಯಿಂದ, ಅಂದರೆ ಮ್ಯಾನ್ಮಾರಿನ ಬೆಟ್ಟಗಳಿಂದ ಬಂದದ್ದು ಎಂಬ ವಾದವೂ ಬಲವಾಗಿದೆ.

ಶಿಲಾಪುತ್ರಿ

ಹೌದು. ಖನಿಜ ಕಣಗಳ ವಯಸ್ಸು ನೋಡಿ ಎರಡೂ ಪಕ್ಷದವರು ಬರೆದಿದ್ದಾರೆ. ಎರಡು ಮೂಲಗಳೂ ಬೆರೆತಿವೆ ಎಂಬ ಕಡೆಗೆ ನನ್ನ ಒಲವು. ಹೆರೆದು ರಾಶಿ ಬಿತ್ತು ಎಂಬ ಕ್ರಿಯೆಗೆ ಇದರಿಂದ ಬಾಧಕವಿಲ್ಲ.

ದುರ್ಗದಕಲ್ಲು

ಹಿಂದೊಮ್ಮೆ ಅಂಡಮಾನಿಗೆ ಹೋದಾಗ ದಿಂಬಿನಾಕಾರದ ಲಾವಾ ಅಲ್ಲಿಯೂ ಇದೆ ಎಂದು ಕೇಳಿ ಆಶ್ಚರ್ಯಪಟ್ಟಿದ್ದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಅಂಥದೇ ಬಂಡೆಗಳಿವೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಯಲುಸೀಮೆಗೂ ಕಡಲ ನಡುವಿನ ದ್ವೀಪಕ್ಕೂ ಒಂದೇ ಬಗೆಯ ಕಲ್ಲು ಹೇಗೆ ಬಂತು?

ಕಲ್ಲುಮಣ್ಣು

ಲಾವಾ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಕೂಡಲೇ ಗಟ್ಟಿಯಾಗಿ, ಒಳಗಿನದು ಒತ್ತಿಕೊಂಡು ಹೊರಬಂದು, ದಿಂಬುಗಳನ್ನು ಒಟ್ಟಿದಂತೆ ಆಗುತ್ತದೆ. ಆದ್ದರಿಂದ ಎಲ್ಲಿ ದಿಂಬು ಲಾವಾ ಇದೆಯೋ ಅಲ್ಲಿ ಆಗ ನೀರಿತ್ತು. ಮರಡಿಹಳ್ಳಿಯದು ಸುಮಾರು 250 ಕೋಟಿ ವರ್ಷ ಹಳೆಯದು. ಅಂಡಮಾನಿನದು ಅದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯದು, ಸುಮಾರು 9.5 ಕೋಟಿ ವರ್ಷ.

ಅಂಡಮಾನಿನಲ್ಲಿ ಅದು ಒಂಟಿಯಾಗಿ ಇಲ್ಲ. ಕಡಲತಳದ ಚಿಪ್ಪು, ಅದರಡಿಯ ಕವಚದ ಕಲ್ಲು, ಎಲ್ಲವೂ ಒಟ್ಟಿಗೆ ಮೇಲೆ ಬಂದಿವೆ. ಫಲಕ ಅಡಿಗೆ ಹೋಗುವಾಗ ಒಂದಿಷ್ಟು ಚೂರು ಒಡೆದು ಮೇಲಿನ ಫಲಕದ ಅಂಚಿಗೆ ಹತ್ತಿಕೊಂಡವು. ಉತ್ತರ ಅಂಡಮಾನಿನ ಸ್ಯಾಡಲ್ ಪೀಕ್, 732 ಮೀಟರಿನ ಆ ಅತಿ ಎತ್ತರದ ಶಿಖರದ ಸುತ್ತಲೂ, ದಕ್ಷಿಣದ ರಟ್‌ಲ್ಯಾಂಡ್ ದ್ವೀಪದಲ್ಲೂ ಈ ಕಲ್ಲುಗಳಿವೆ. ಕವಚದ ಕಲ್ಲು ನೀರು ಹೀರಿ ಹಾವಿನ ಮೈಯಂತೆ ಹಸಿರು ಮಿಶ್ರಿತ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಜಿಡ್ಡಿನಂತೆ ಜಾರುತ್ತದೆ. ಭೂಮಿಯ ಆಳದಲ್ಲಿರಬೇಕಾದ ಕಲ್ಲನ್ನು ಬೆಟ್ಟ ಹತ್ತಿ ಕೈಯಲ್ಲಿ ಹಿಡಿಯುವ ಅವಕಾಶ ಬಹಳ ಕಡೆ ಸಿಗುವುದಿಲ್ಲ. ನಾನು ಮೊದಲ ಬಾರಿ ಹಿಡಿದಾಗ ಅದನ್ನು ಕೆಳಗಿಡಲು ಮನಸ್ಸು ಬಂದಿರಲಿಲ್ಲ.

ಮಲ್ಪೆಯಅಲೆ

ಹಾಗಾದರೆ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಇದೇ ರೀತಿ ಕಡಲತಳದಿಂದ ಎದ್ದವೇ? ಪ್ರವಾಸಕ್ಕೆ ಬಂದವರಿಗೆ ನಾವು "ಸಮುದ್ರದಲ್ಲಿ ಹುಟ್ಟಿದ ಜ್ವಾಲಾಮುಖಿ ದ್ವೀಪ" ಎಂದೇ ಹೇಳುತ್ತಾ ಬಂದಿದ್ದೇವೆ.

ಕಲ್ಲುಮಣ್ಣು

ಇಲ್ಲ ಸರ್, ಅದು ವಿರುದ್ಧ ಕಥೆ. ಅಲ್ಲಿ ಫಲಕಗಳು ಕೂಡಿದ್ದಲ್ಲ, ಬೇರೆಯಾದದ್ದು. ಒಂಬತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡಾಗ, ಸೀಳಿದ ಅಂಚಿನಲ್ಲಿ ಲಾವಾ ಉಕ್ಕಿತು. ಅದು ನಿಧಾನವಾಗಿ ಆರುತ್ತಾ ಕುಗ್ಗಿದಾಗ, ಒಣಗಿದ ಕೆರೆಯ ಕೆಸರು ಬಿರಿದಂತೆ ಬಹುಭುಜದ ಕಂಬಗಳಾಗಿ ಬಿರಿಯಿತು. ಆ ಕಲ್ಲಿನಲ್ಲಿ ಸಿಲಿಕಾ ಹೆಚ್ಚು, ಸಾಮಾನ್ಯ ಕಡಲತಳದ ಬಸಾಲ್ಟ್ ಅಲ್ಲ. ಮೊದಲು ಅದು ಖಂಡದ ಅಂಚಿನ ನೆಲವೇ. ಆಮೇಲೆ ಸವೆತ ಮತ್ತು ಕಡಲು ಸೇರಿ ಅದನ್ನು ದ್ವೀಪ ಮಾಡಿದವು.

ಮಲ್ಪೆಯಅಲೆ

ತಿದ್ದುಪಡಿಗೆ ಧನ್ಯವಾದ. ನಾಳೆಯಿಂದ ದೋಣಿಯಲ್ಲಿ ಸರಿಯಾದ ಮಾತನ್ನೇ ಹೇಳುತ್ತೇನೆ.

ದೂರದೋಣಿ

ಬಾರಾಟಾಂಗ್‌ನ ಕೆಸರಿನ ಜ್ವಾಲಾಮುಖಿಯನ್ನು ನೋಡಿದ್ದೇನೆ. ಬ್ಯಾರನ್ ದ್ವೀಪದ ಜ್ವಾಲಾಮುಖಿಗೂ ಅದಕ್ಕೂ ಒಳಗೊಳಗೇ ಸಂಪರ್ಕ ಇದೆ ಎಂದು ಮಾರ್ಗದರ್ಶಕರು ಹೇಳಿದ್ದರು.

ಅಡಿಗೆರೆ

ಸಂಪರ್ಕವಿಲ್ಲ, ಮತ್ತು ಈ ತಪ್ಪು ಬಹಳ ಕಡೆ ಹರಡಿದೆ. ಬಾರಾಟಾಂಗ್‌ನ ಬೂದು ಕೆಸರು ರಾಗಿ ಅಂಬಲಿ ಕುದಿಯುವಂತೆ ಗುಳ್ಳೆ ಎತ್ತಿ ಒಡೆಯುತ್ತದೆ, ಆದರೆ ಅದು ತಣ್ಣಗಿರುತ್ತದೆ. ಶಿಲಾಪುತ್ರಿಯವರು ಹೇಳಿದ ಹೆರೆದ ಮಣ್ಣಿನ ರಾಶಿಯ ಒಳಗೆ ಸಿಕ್ಕಿಬಿದ್ದ ನೀರು ಮತ್ತು ಮಿಥೇನ್ ಅನಿಲ, ಫಲಕದ ಒತ್ತಡಕ್ಕೆ ಬಿರುಕುಗಳ ಮೂಲಕ ಕೆಸರನ್ನು ತಳ್ಳಿಕೊಂಡು ಬರುತ್ತವೆ. ಅಲ್ಲಿ ಬೆಂಕಿಯ ಕೆಲಸವೇ ಇಲ್ಲ.

ಬ್ಯಾರನ್ ದ್ವೀಪ ನಿಜವಾದ ಜ್ವಾಲಾಮುಖಿ. ಪೋರ್ಟ್ ಬ್ಲೇರ್‌ನ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್ ದೂರದಲ್ಲಿದೆ. ಅಡಿಗೆ ಇಳಿದ ಫಲಕ ಸುಮಾರು ನೂರು ಕಿಲೋಮೀಟರ್ ಆಳ ತಲುಪಿದಾಗ ಅದರ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರು ಬಿಡುಗಡೆಯಾಗುತ್ತದೆ. ಆ ನೀರು ಮೇಲಿನ ಕವಚದ ಕಲ್ಲು ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ, ಕರಗಿದ ಕಲ್ಲು ಮೇಲೇರುತ್ತದೆ. ಅದಕ್ಕೇ ಜ್ವಾಲಾಮುಖಿಗಳು ಅಂಡಮಾನಿನ ಮುಖ್ಯ ಸಾಲಿನಲ್ಲಿಲ್ಲ, ಪೂರ್ವಕ್ಕೆ ಬಹುದೂರದ ಇನ್ನೊಂದು ಸಾಲಿನಲ್ಲಿವೆ. ಬ್ಯಾರನ್ ನೀರಿನ ಮೇಲೆ ಕಾಣುವುದು 350 ಮೀಟರಿನಷ್ಟು. ಕಡಲಡಿಯಲ್ಲಿ ಇನ್ನೂ ಎರಡು ಸಾವಿರ ಮೀಟರಿಗೂ ಮೀರಿ ಅದರ ಮೈ ಇದೆ. 1832ರ ನಂತರ ಒಂದೂವರೆ ಶತಮಾನಕ್ಕೂ ಹೆಚ್ಚು ಸುಮ್ಮನಿದ್ದು 1991ರಲ್ಲಿ ಮತ್ತೆ ಉಕ್ಕಿತು, ಆಮೇಲೆ ಹಲವು ಬಾರಿ ಉಕ್ಕಿದೆ. ಉತ್ತರದ ನಾರ್ಕೊಂಡಮ್ ಅದೇ ಸಾಲಿನದು, ಆದರೆ ಆರಿದ ಜ್ವಾಲಾಮುಖಿ, 710 ಮೀಟರ್ ಎತ್ತರ, ದಟ್ಟ ಕಾಡು.

ದೂರದೋಣಿ

ಬ್ಯಾರನ್ 2005ರಲ್ಲಿ ಉಕ್ಕಿದ್ದು 2004ರ ಕಂಪನದಿಂದಲೇ ತಾನೇ?

ಅಡಿಗೆರೆ

ಐದು ತಿಂಗಳ ಅಂತರ ನೋಡಿ ಹಾಗೆ ಅನ್ನಿಸುವುದು ಸಹಜ. ಆದರೆ 1991ರಲ್ಲಿ ಮತ್ತು 1994–95ರಲ್ಲಿ ಅಂಥ ಕಂಪನವಿಲ್ಲದೆಯೂ ಅದು ಉಕ್ಕಿತ್ತು. ಒಂದರ ನಂತರ ಇನ್ನೊಂದು ಆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆಂದು ನಾನು ಹೇಳಲಾರೆ.

ಘಟ್ಟದಕೆಳಗಿನವ

ಕಲ್ಲುಮಣ್ಣು ಸರ್, 2025ರ ಮಾರ್ಚ್ 28ರಂದು ಮ್ಯಾನ್ಮಾರಿನ ಮಾಂಡಲೆಯಲ್ಲಿ 7.7 ತೀವ್ರತೆಯ ಕಂಪನವಾಯಿತಲ್ಲ, ಅದೂ ಇದೇ ಕಂದಕದ್ದೇ?

ಕಲ್ಲುಮಣ್ಣು

ಕಂದಕದ್ದಲ್ಲ, ಆದರೆ ಒಂದೇ ಕುಟುಂಬದ್ದು. ಭಾರತದ ಫಲಕ ಅಂಡಮಾನಿನ ಬಳಿ ಕಂದಕಕ್ಕೆ ನೇರವಾಗಿ ಢಿಕ್ಕಿ ಹೊಡೆಯುವುದಿಲ್ಲ, ಬಹಳ ಓರೆಯಾಗಿ ಉತ್ತರಕ್ಕೆ ಉಜ್ಜಿಕೊಂಡು ಹೋಗುತ್ತದೆ. ಅಡಿಗೆ ಇಳಿಯುವ ಪಾಲನ್ನು ಕಂದಕ ನೋಡಿಕೊಳ್ಳುತ್ತದೆ. ಪಕ್ಕಕ್ಕೆ ಜಾರುವ ಪಾಲನ್ನು ಪೂರ್ವದ ಸ್ತರಭಂಗಗಳು, ಅಂದರೆ ನೆಲ ಸೀಳಿ ಜಾರುವ ಉದ್ದನೆಯ ಬಿರುಕುಗಳು, ಹೊರುತ್ತವೆ. ಸುಮಾತ್ರಾದಲ್ಲಿ ಒಂದು, ಮ್ಯಾನ್ಮಾರಿನಲ್ಲಿ ಸಗಾಯಿಂಗ್ ಸ್ತರಭಂಗ ಇನ್ನೊಂದು. ಮಾಂಡಲೆಯ ಕಂಪನ ಆ ಎರಡನೆಯದರ ಮೇಲೆ. ಈ ಎರಡರ ನಡುವೆ ಅಂಡಮಾನ್ ಸಮುದ್ರದ ತಳ ಸೀಳಿ ತೆರೆದುಕೊಳ್ಳುತ್ತಿದೆ, ಸುಮಾರು 40 ಲಕ್ಷ ವರ್ಷಗಳಿಂದ. ಹೀಗೆ ಒಂದೇ ದ್ವೀಪಸಾಲಿನ ಪಶ್ಚಿಮದಲ್ಲಿ ಕಡಲತಳ ನುಂಗಿಹೋಗುತ್ತಿದೆ, ಪೂರ್ವದಲ್ಲಿ ಹೊಸ ಕಡಲತಳ ಹುಟ್ಟುತ್ತಿದೆ. ಇನ್ನೂರು ಮುನ್ನೂರು ಕಿಲೋಮೀಟರಿನ ಅಗಲದಲ್ಲಿ ಇಷ್ಟೆಲ್ಲ ಕಾಣಸಿಗುವ ಜಾಗ ನಮ್ಮ ದೇಶದಲ್ಲಿ ಬೇರೆ ಇಲ್ಲ.

ಸಿಪ್ಪಿಘಾಟ್‌ನವಳು

ನನ್ನ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು. ಒಟ್ಟಿನಲ್ಲಿ ಏಳುತ್ತಿದೆಯೋ, ಮುಳುಗುತ್ತಿದೆಯೋ?

ಶಿಲಾಪುತ್ರಿ

ನಿಮ್ಮ ಆಯುಸ್ಸಿನ ಅಳತೆಯಲ್ಲಿ ಕೇಳಿದರೆ ಪೋರ್ಟ್ ಬ್ಲೇರ್ ಇಳಿದಿದೆ, ಈಗ ನಿಧಾನವಾಗಿ ಏಳುತ್ತಿದೆ. 2004ರ ನಂತರದ ಜಿಪಿಎಸ್ ಅಳತೆಗಳಲ್ಲಿ ಆ ಏರಿಕೆ ಕಂಡಿದೆ. ಲಕ್ಷಾಂತರ ವರ್ಷಗಳ ಅಳತೆಯಲ್ಲಿ ಕೇಳಿದರೆ ದ್ವೀಪಗಳು ಎದ್ದಿವೆ. ಹ್ಯಾವ್‌ಲಾಕ್ ಮತ್ತು ನೀಲ್ ಇರುವ ದ್ವೀಪಗುಂಪಿನ ಸುಣ್ಣದ ಕಲ್ಲನ್ನು ಪುಡಿಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ತೆರೆದ ಕಡಲಿನ ಏಕಕೋಶ ಜೀವಿಗಳ ಚಿಪ್ಪುಗಳು ಕಾಣುತ್ತವೆ. ಕಡಲತಳದಲ್ಲಿ ಸೇರಿದ ಕೆಸರು ಇಂದು ದಂಡೆಯ ಗೋಡೆಯಾಗಿ ನಿಂತಿದೆ. ಪ್ರತಿ ಸುತ್ತಿನಲ್ಲಿ ಏರಿದ್ದಕ್ಕೂ ಇಳಿದದ್ದಕ್ಕೂ ನಡುವೆ ಉಳಿಯುವ ಸಣ್ಣ ವ್ಯತ್ಯಾಸವೇ ಕೂಡುತ್ತಾ ಬಂದು ದ್ವೀಪವಾಗಿದೆ.

ಅಡಿಗೆರೆ

ಪೋರ್ಟ್ ಬ್ಲೇರ್ ಬಂದರಿನ ಕೊರಕಲು ಕರಾವಳಿ, ಬಾರಾಟಾಂಗ್‌ನ ಎರಡೂ ಬದಿಯ ಕಿರಿದಾದ ಜಲಸಂಧಿಗಳು ಮುಳುಗಿದ ಕಣಿವೆಗಳಂತೆಯೇ ಕಾಣುತ್ತವೆ. ಅವನ್ನು ನೋಡಿದರೆ ಮುಳುಗಡೆಯೇ ಮೇಲುಗೈ ಅನ್ನಿಸುವುದಿಲ್ಲವೇ?

ಶಿಲಾಪುತ್ರಿ

ಆ ಕಣಿವೆಗಳನ್ನು ತುಂಬಿದ್ದರಲ್ಲಿ ಹಿಮಯುಗ ಮುಗಿದ ಮೇಲೆ ಜಗತ್ತಿನಾದ್ಯಂತ ಏರಿದ ಕಡಲಿನ ಪಾಲು ದೊಡ್ಡದು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಸಮುದ್ರ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆದ್ದರಿಂದ ಮುಳುಗಿದ ಕಣಿವೆಯೊಂದನ್ನೇ ನೋಡಿ ನೆಲ ಇಳಿಯಿತೆಂದು ತೀರ್ಮಾನಿಸಲು ಬರುವುದಿಲ್ಲ. ಇದೇ ಪಟ್ಟಿಯ ಉತ್ತರಕ್ಕೆ ಅರಕಾನ್ ಕರಾವಳಿಯ ಚೆಡೂಬಾ ದ್ವೀಪವನ್ನು ನೋಡಿ: 1762ರ ಭೂಕಂಪದಲ್ಲಿ ಮೀಟರುಗಟ್ಟಲೆ ಎದ್ದ ದಂಡೆ ಇಂದಿಗೂ ಮೆಟ್ಟಿಲಾಗಿ ಉಳಿದಿದೆ, ಅದರ ಮೇಲೆ ಇನ್ನೂ ಹಳೆಯ ಮೆಟ್ಟಿಲುಗಳೂ ಇವೆ.

ಪಡುವಣಗಾಳಿ

ಹಾಗಾದರೆ 2004ರಂಥದ್ದು ಅಂಡಮಾನಿನಲ್ಲಿ ಹಿಂದೆಯೂ ಆಗಿತ್ತೇ?

ಕಲ್ಲುಮಣ್ಣು

ಬರಹದ ದಾಖಲೆ ಇರುವ ಕಾಲದಲ್ಲಿ ಅಷ್ಟು ದೊಡ್ಡದು ಇಲ್ಲ. 1847ರಲ್ಲಿ ನಿಕೋಬಾರಿನಲ್ಲಿ, 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ, 1941ರ ಜೂನ್ 26ರಂದು ಅಂಡಮಾನಿನಲ್ಲಿ ದೊಡ್ಡ ಕಂಪನಗಳಾದವು. 1881ರ ಅಲೆಯನ್ನು ನಮ್ಮ ಪೂರ್ವ ಕರಾವಳಿಯ ಅಲೆಮಾಪಕಗಳು ಬರೆದಿಟ್ಟಿವೆ, ಎತ್ತರ ಒಂದು ಮೀಟರಿಗಿಂತ ಕಡಿಮೆ. 1941ರದು ರಾಸ್ ದ್ವೀಪದ ಕಟ್ಟಡಗಳನ್ನು ಕೆಡವಿತು. ಇವೆಲ್ಲ ಆ ಗಡಿಯ ಒಂದೊಂದು ತುಂಡನ್ನು ಮಾತ್ರ ಬಿಡಿಸಿದವು. ಇದನ್ನು ನೋಡಿಯೇ, ಇಲ್ಲಿ ಎಂಟರ ಮೇಲಿನದು ಬರಲಿಕ್ಕಿಲ್ಲ ಎಂದು 2004ಕ್ಕೆ ಮೊದಲು ಅನೇಕರು ನಂಬಿದ್ದರು. ನೂರೈವತ್ತು ವರ್ಷಗಳ ದಾಖಲೆಯನ್ನು ಇಡೀ ಚರಿತ್ರೆಯೆಂದು ತಿಳಿದದ್ದು ನಮ್ಮ ಶಾಸ್ತ್ರದ ದೊಡ್ಡ ತಪ್ಪು.

ಉಬ್ಬರವಿಳಿತ

ಅದಕ್ಕಾಗಿಯೇ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆಯ ಬಗ್ಗೆ ನನಗೆ ಆತಂಕವಿದೆ. ಇಂದಿರಾ ಪಾಯಿಂಟ್ ಅಲ್ಲಿಂದ ದೂರವಿಲ್ಲ. ಕಟ್ಟೆಯ ಎತ್ತರವನ್ನು ನಾವು ಉಬ್ಬರದ ಮಟ್ಟ ನೋಡಿ ನಿರ್ಧರಿಸುತ್ತೇವೆ. ನಾಲ್ಕು ಮೀಟರ್ ಇಳಿಯಬಲ್ಲ ನೆಲದಲ್ಲಿ ಆ ಲೆಕ್ಕವನ್ನು ಎಲ್ಲಿಂದ ಆರಂಭಿಸುವುದು?

ದುರ್ಗದಕಲ್ಲು

ಜಪಾನ್ ಮತ್ತು ಚಿಲಿಯಲ್ಲಿ ಇಂಥದೇ ಕಂದಕಗಳ ಪಕ್ಕದಲ್ಲಿ ಬಂದರುಗಳಿವೆಯಲ್ಲ? ಕಟ್ಟಲೇಬಾರದು ಎಂದರೆ ಆ ದ್ವೀಪಗಳ ಜನ ಬದುಕುವುದು ಹೇಗೆ?

ಉಬ್ಬರವಿಳಿತ

ಕಟ್ಟಬಾರದೆಂದು ನಾನು ಹೇಳಿಲ್ಲ. ನಾನೇ ಅಲ್ಲಿ ಜೆಟ್ಟಿ ಕಟ್ಟಿ ಬಂದವನು. ನೆಲ ಎಷ್ಟು ಇಳಿಯಬಹುದು, ಮತ್ತೆ ಎಷ್ಟು ವೇಗದಲ್ಲಿ ಏಳುತ್ತದೆ ಎಂಬ ಅಂಕಿಗಳು ಯೋಜನೆಯ ಮೊದಲ ಪುಟದಲ್ಲಿರಬೇಕು ಎನ್ನುತ್ತೇನೆ. ಅಲ್ಲಿನ ದೈತ್ಯ ಕಡಲಾಮೆಗಳು ಮೊಟ್ಟೆಯಿಡುವ ಮರಳದಂಡೆಯೂ 2004ರಲ್ಲಿ ಕೊಚ್ಚಿಹೋಗಿ, ಆಮೇಲೆ ಹೊಸದಾಗಿ ಕೂಡಿಕೊಂಡದ್ದು. ಕಲ್ಲಿನ ತಡೆಗೋಡೆ ಬಂದ ಮೇಲೆ ಮರಳಿಗೆ ಹಾಗೆ ಕೂಡಿಕೊಳ್ಳುವ ದಾರಿ ಉಳಿಯುತ್ತದೆಯೇ ಎಂಬುದೂ ಅದೇ ಪುಟದಲ್ಲಿರಲಿ.

ಸಿಪ್ಪಿಘಾಟ್‌ನವಳು

ಜನವರಿಯಲ್ಲಿ ಸಿಪ್ಪಿಘಾಟ್‌ಗೆ ಹೋಗುತ್ತಿದ್ದೇನೆ. ಆ ಮನೆ ಈಗಿಲ್ಲ, ಆದರೆ ಜಗಲಿಯ ಕಲ್ಲುಗಳು ಉಳಿದಿವೆ ಎಂದು ಕೇಳಿದ್ದೇನೆ. ನೆಲ ಏಳುತ್ತಿದೆ ಎಂಬುದನ್ನು ನನ್ನಂಥವಳು ಬರಿಗಣ್ಣಿನಿಂದ ಗುರುತಿಸಲು ಸಾಧ್ಯವೇ?

ಶಿಲಾಪುತ್ರಿ

ನೇರವಾಗಿ ಕಷ್ಟ, ಏಕೆಂದರೆ ಸಮುದ್ರವೂ ಏರುತ್ತಿದೆ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳನ್ನು ನೋಡಿ. ಅವು ಉಬ್ಬರದ ನೀರು ದಿನವೂ ಬಂದು ಹೋಗುವ ಮಟ್ಟದಲ್ಲಿ ಮಾತ್ರ ಬೇರು ಬಿಡುತ್ತವೆ. ಬೋಳು ಕಾಂಡಗಳ ನಡುವೆ ಎಲ್ಲಿಯವರೆಗೆ ಸಸಿಗಳು ಬಂದಿವೆ ಎಂದು ಗುರುತು ಮಾಡಿ, ಜಗಲಿಯ ಕಲ್ಲಿನಿಂದ ಅಲ್ಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡು ಬನ್ನಿ.

ಉಬ್ಬರವಿಳಿತ

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನ ಹೋಗಿ, ಆಗ ಉಬ್ಬರವೂ ಇಳಿತವೂ ದೊಡ್ಡವು. ನೀರು ಕಲ್ಲನ್ನು ಮುಟ್ಟುವ ಸಮಯವನ್ನು ಬರೆದುಕೊಳ್ಳಿ, ಹಳೆಯ ಉಬ್ಬರ ಪಟ್ಟಿಗಳು ನನ್ನ ಬಳಿ ಇವೆ, ಕುಳಿತು ಹೋಲಿಸೋಣ.

ಸಿಪ್ಪಿಘಾಟ್‌ನವಳು

ಖಂಡಿತ. ಹೆಜ್ಜೆ ಎಣಿಸಿ, ಸಮಯ ಬರೆದು, ಚಿತ್ರಗಳೊಂದಿಗೆ ಫೆಬ್ರವರಿಯಲ್ಲಿ ಇಲ್ಲಿಯೇ ಹಾಕುತ್ತೇನೆ. ಡಿಗ್ಲಿಪುರದ ಗೆಳತಿಯನ್ನೂ ಹುಡುಕುತ್ತಿದ್ದೇನೆ. ಸಿಕ್ಕರೆ ಅವರೂರಿನ ಹವಳದ ದಿಬ್ಬದ ಈಗಿನ ಸ್ಥಿತಿಯನ್ನು ಅವಳೇ ಬರೆಯಲಿ.